ಮಾನ್ವಿಯ ಶ್ರೀ ಜಗನ್ನಾಥದಾಸರು (1728–1809)

ಕನ್ನಡ ಹರಿದಾಸ ಸಾಹಿತ್ಯ ಪರಂಪರೆಯಲ್ಲಿ ಶ್ರೀ ಜಗನ್ನಾಥದಾಸರಿಗೆ ವಿಶಿಷ್ಟವಾದ ಸ್ಥಾನವಿದೆ. ಭಾಮಿನೀ ಷಟ್ಪದಿಯಲ್ಲಿ ರಚಿತವಾದ ಅವರ ‘ಹರಿಕಥಾಮೃತಸಾರ’ವು ದ್ವೈತ ಸಿದ್ಧಾಂತದ ಸಮಗ್ರ ತಿರುಳನ್ನು ಕನ್ನಡದಲ್ಲಿ ನಿರೂಪಿಸಿದ ಗ್ರಂಥವೆಂದು ಮಾನ್ಯವಾಗಿದೆ. ಈ ಗ್ರಂಥದ ಕರ್ತೃವು ಯೌವನದಲ್ಲಿ ಕನ್ನಡ ಪದಗಳನ್ನೂ, ಅವುಗಳನ್ನು ಹಾಡುತ್ತಿದ್ದ ದಾಸರನ್ನೂ ಲಘುವಾಗಿ ಕಂಡಿದ್ದರು ಎಂಬುದು ಅವರ ಚರಿತ್ರೆಯ ಮುಖ್ಯ ಸಂಗತಿಯಾಗಿದೆ. ಒಬ್ಬ ಹಿರಿಯರ ಮನಸ್ಸನ್ನು ನೋಯಿಸಿ, ಆರೋಗ್ಯವನ್ನು ಕಳೆದುಕೊಂಡು, ದೇವರ ಬಾಗಿಲುಗಳನ್ನು ಬಡಿದು, ಕೊನೆಗೆ ನೋಯಿಸಿದವರ ಮುಂದೆಯೇ ಬಂದು ನಿಂತ ಮೇಲೆ ಅವರ ನಿಜವಾದ ಬಾಳು ಪ್ರಾರಂಭವಾಯಿತು.

ದಾಸರ ಜೀವನ ವೃತ್ತಾಂತವು ಬಹುಮಟ್ಟಿಗೆ ಶಿಷ್ಯರ ಸ್ತುತಿಪದಗಳಿಂದಲೂ, ಬಾಯಿಂದ ಬಾಯಿಗೆ ಬಂದ ಸಂಪ್ರದಾಯದಿಂದಲೂ ತಿಳಿದುಬರುತ್ತದೆ. ಆದ್ದರಿಂದ ಕೆಲವು ಘಟನೆಗಳ ವಿವರಗಳಲ್ಲಿ ಪಾಠಾಂತರಗಳಿವೆ. ಪ್ರಧಾನ ಸಂಗತಿಗಳಲ್ಲಿ ಮಾತ್ರ ಪರಂಪರೆಯು ಒಮ್ಮತದಿಂದಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯನ್ನು ಹರಿದಾಸ ಸಾಹಿತ್ಯದ ಎರಡನೆಯ ತವರೆಂದು ಕರೆಯಬಹುದು. ವಿಜಯನಗರದ ಕಾಲದಲ್ಲಿ ಶ್ರೀ ವ್ಯಾಸರಾಯರ ಆಶ್ರಯದಲ್ಲಿ ಪುರಂದರದಾಸರು, ಕನಕದಾಸರು ಬೆಳೆಸಿದ ದಾಸಪಂಥವು ಸಾಮ್ರಾಜ್ಯದ ಪತನಾನಂತರ ಕ್ಷೀಣಿಸಿತ್ತು. 1671ರಲ್ಲಿ ಶ್ರೀ ರಾಘವೇಂದ್ರಸ್ವಾಮಿಗಳು ತುಂಗಭದ್ರೆಯ ದಂಡೆಯ ಮಂತ್ರಾಲಯದಲ್ಲಿ ಬೃಂದಾವನಸ್ಥರಾದ ನಂತರದ ಕಾಲದಲ್ಲಿ ಅದು ಈ ಸೀಮೆಯಲ್ಲಿ ಮರುಹುಟ್ಟು ಪಡೆಯಿತು. ರಾಜಕೀಯವಾಗಿ ಅದು ನೆಮ್ಮದಿಯ ಕಾಲವಾಗಿರಲಿಲ್ಲ. ಮೊಗಲರ ಅಧಿಕಾರವು ಕುಸಿದು ಹೈದರಾಬಾದಿನ ನಿಜಾಮರ ಆಡಳಿತವು ನೆಲೆಯೂರುತ್ತಿದ್ದ ದಿನಗಳವು.

ಇದೇ ಸೀಮೆಯ ಮಾನ್ವಿ ಸಮೀಪದ ಬ್ಯಾಗವಟ್ಟಿ ಗ್ರಾಮದಲ್ಲಿ ಕೀಲಕ ಸಂವತ್ಸರದ ಶ್ರಾವಣ ಶುದ್ಧ ಬಿದಿಗೆಯಂದು, ಅಂದರೆ 1728ರಲ್ಲಿ, ಜಗನ್ನಾಥದಾಸರು ಜನಿಸಿದರು. ಅವರ ಮೊದಲ ಹೆಸರು ಶ್ರೀನಿವಾಸ. ತಂದೆ ನರಸಿಂಹಾಚಾರ್ಯರು ಸ್ವತಃ ದಾಸದೀಕ್ಷೆಯನ್ನು ಪಡೆದಿದ್ದವರೆಂದು ಹೇಳಲಾಗುತ್ತದೆ. ಹೀಗಿರುವಾಗ ದಾಸರ ಪದಗಳು ಬಾಲಕನಿಗೆ ಮನೆಯ ಮಾತೇ ಆಗಿದ್ದಿರಬೇಕು. ಆದರೆ ಓದು ಅವನನ್ನು ಬೇರೆ ದಾರಿಗೆ ಕರೆದೊಯ್ದಿತು. ಸಂಸ್ಕೃತ ವ್ಯಾಕರಣ, ತರ್ಕ ಮತ್ತು ವೇದಾಂತಗಳಲ್ಲಿ ಅಸಾಧಾರಣ ಪ್ರತಿಭೆಯನ್ನು ತೋರಿದ ಶ್ರೀನಿವಾಸನು ಮಂತ್ರಾಲಯ ಮಠದ ಪರಂಪರೆಯ ಶ್ರೀ ವರದೇಂದ್ರತೀರ್ಥರ ಬಳಿ ಶಾಸ್ತ್ರಾಧ್ಯಯನ ಮಾಡಿದನೆಂದು ಸಂಪ್ರದಾಯವು ತಿಳಿಸುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿಯೇ ಶ್ರೀನಿವಾಸಾಚಾರ್ಯರೆಂದು ಹೆಸರಾಗಿ, ಮಾನ್ವಿಯಲ್ಲಿ ನೆಲೆಸಿ, ಶಿಷ್ಯರಿಗೆ ಪಾಠ ಹೇಳತೊಡಗಿದರು.

ಸಂಸ್ಕೃತದಲ್ಲಿ ಹೇಳಬೇಕಾದುದನ್ನು ಕನ್ನಡದಲ್ಲಿ ಹಾಡುವುದು ಪಾಂಡಿತ್ಯವಿಲ್ಲದವರ ಕೆಲಸವೆಂಬ ಭಾವನೆ ಅಂದಿನ ವಿದ್ವಾಂಸರಲ್ಲಿ ಹಲವರಿಗಿತ್ತು. ತರುಣ ಆಚಾರ್ಯರೂ ಅದಕ್ಕೆ ಹೊರತಾಗಿರಲಿಲ್ಲ.

ತಪ್ಪಿದ ಪಂಕ್ತಿ

ಮಾನ್ವಿಗೆ ಸಮೀಪದಲ್ಲಿಯೇ, ತುಂಗಭದ್ರೆಯ ತೀರದಲ್ಲಿರುವ ಚೀಕಲಪರವಿ ಗ್ರಾಮವು ಶ್ರೀ ವಿಜಯದಾಸರ (1682–1755) ಜನ್ಮಸ್ಥಳ. ಕಡುಬಡತನದಲ್ಲಿ ಹುಟ್ಟಿದ ದಾಸಪ್ಪನೆಂಬ ಹುಡುಗ ಊರು ಬಿಟ್ಟು ಅಲೆದು, ಕಾಶಿಯಲ್ಲಿ ಸ್ವಪ್ನದಲ್ಲಿ ಪುರಂದರದಾಸರಿಂದ ಅಂಕಿತವನ್ನು ಪಡೆದು ವಿಜಯದಾಸರಾಗಿ ಹಿಂದಿರುಗಿದರೆಂಬುದು ಪ್ರತೀತಿ. ಅವರ ಸುಳಾದಿಗಳು ಶಾಸ್ತ್ರಾರ್ಥದಿಂದ ತುಂಬಿವೆ. ಆದರೆ ಗುರುಕುಲದ ಓದಿನ ಹಿನ್ನೆಲೆ ಅವರಿಗಿರಲಿಲ್ಲ. ತಮ್ಮದೇ ಸೀಮೆಯ ಬಡವರೊಬ್ಬರು ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವುದನ್ನೂ, ಜನರು ಅವರನ್ನು ಹಿಂಬಾಲಿಸುವುದನ್ನೂ ಕಂಡ ಶ್ರೀನಿವಾಸಾಚಾರ್ಯರಿಗೆ ಗೌರವಕ್ಕಿಂತ ಹೆಚ್ಚಾಗಿ ಅಸಹನೆಯೇ ಉಂಟಾಯಿತು.

ವಿಜಯದಾಸರು ಒಮ್ಮೆ ಶಿಷ್ಯರೊಡನೆ ಮಾನ್ವಿಗೆ ಬಂದರು. ಪೂಜೆ, ನೈವೇದ್ಯಗಳಾದ ನಂತರದ ಭೋಜನಕ್ಕೆ ಊರಿನ ವಿದ್ವಾಂಸರಾದ ಶ್ರೀನಿವಾಸಾಚಾರ್ಯರನ್ನೂ ಆದರದಿಂದ ಆಹ್ವಾನಿಸಿದರು. ಆಚಾರ್ಯರು ಹೋಗಲಿಲ್ಲ. ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುತ್ತದೆಂಬ ನೆಪವನ್ನು ಹೇಳಿ ಕಳುಹಿಸಿ, ತಮ್ಮ ಮನೆಯಲ್ಲಿಯೇ ಊಟ ಮಾಡಿದರು.

ಒಂದು ಹೊತ್ತಿನ ಊಟವನ್ನು ನಿರಾಕರಿಸುವುದು ಇಂದಿನ ಓದುಗರಿಗೆ ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ಯಾರು ಯಾರ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಾರೆಂಬುದು ಆ ಸಮಾಜದಲ್ಲಿ ಗೌರವದ ಅಳತೆಗೋಲಾಗಿತ್ತು. ದೇವರಿಗೆ ನಿವೇದಿಸಿದ ಅನ್ನವನ್ನು ಹಿರಿಯರೊಬ್ಬರು ಕರೆದು ಬಡಿಸುವಾಗ ಸುಳ್ಳು ನೆಪ ಹೇಳಿ ದೂರ ಉಳಿದರೆ ಅದು ಕರೆದವರಿಗೂ, ಆ ಅನ್ನಕ್ಕೂ ಮಾಡಿದ ಅನಾದರವಾಗುತ್ತಿತ್ತು. ವಿಜಯದಾಸರಿಗೆ ಆ ಮಾತಿನ ಒಳಗು ತಿಳಿಯದೆ ಹೋಗಲಿಲ್ಲ. ಹಾಗೆಯೇ ಆಗಲೆಂದಷ್ಟೇ ಅವರು ನುಡಿದರೆಂದು ಕಥೆ ಹೇಳುತ್ತದೆ. ಅದನ್ನು ಶಾಪವೆಂದು ಕೆಲವರು ತಿಳಿಯುತ್ತಾರೆ. ಆಡಿದ ಸುಳ್ಳೇ ಆಡಿದವರನ್ನು ಹಿಡಿಯಿತೆಂದು ಗ್ರಹಿಸುವುದು ದಾಸರ ಸ್ವಭಾವಕ್ಕೆ ಹೆಚ್ಚು ಹೊಂದುವಂತಿದೆ.

ವ್ಯಾಧಿ ಮತ್ತು ಅಲೆದಾಟ

ಕೆಲವೇ ದಿನಗಳಲ್ಲಿ ಶ್ರೀನಿವಾಸಾಚಾರ್ಯರಿಗೆ ತೀವ್ರವಾದ ಉದರಶೂಲೆ ಪ್ರಾರಂಭವಾಯಿತು. ಉಂಡ ಅನ್ನ ಜೀರ್ಣವಾಗದೆ ದೇಹ ಕೃಶವಾಯಿತು. ಔಷಧೋಪಚಾರಗಳು ಫಲಿಸಲಿಲ್ಲ. ಪಾಠ ಪ್ರವಚನಗಳು ನಿಂತವು. ವಾದದಲ್ಲಿ ಗೆಲ್ಲಿಸುತ್ತಿದ್ದ ಧ್ವನಿಗೆ ಹಾಸಿಗೆಯಿಂದ ಏಳುವ ಶಕ್ತಿಯೂ ಉಳಿಯಲಿಲ್ಲ. ಮೂವತ್ತು ವರ್ಷ ತುಂಬುವ ಮೊದಲೇ ಅವರ ಆಯುಷ್ಯ ಮುಗಿಯುವ ಸೂಚನೆಗಳು ಕಂಡವು.

ಅವರು ದೇವರ ಮೊರೆ ಹೊಕ್ಕರು. ತಿರುಪತಿಗೂ, ಹನುಮಂತನ ಸನ್ನಿಧಿಯಾದ ಘಟಿಕಾಚಲಕ್ಕೂ ಹೋಗಿ ಸೇವೆ ಸಲ್ಲಿಸಿದರೆಂದು ಕೆಲವು ಚರಿತ್ರೆಗಳಲ್ಲಿದೆ. ಕೊನೆಗೆ ಮಂತ್ರಾಲಯದಲ್ಲಿ ಶ್ರೀ ರಾಘವೇಂದ್ರಸ್ವಾಮಿಗಳ ಬೃಂದಾವನದ ಸೇವೆಗೆ ನಿಂತರು. ಅಲ್ಲಿ ಸ್ವಪ್ನದಲ್ಲಿ ದೊರೆತ ಆದೇಶವು ಅವರು ನಿರೀಕ್ಷಿಸಿದುದಾಗಿರಲಿಲ್ಲ. ವ್ಯಾಧಿಗೆ ಕಾರಣ ವಿಜಯದಾಸರ ವಿಷಯದಲ್ಲಿ ಮಾಡಿದ ಅಪರಾಧವೆಂದೂ, ಪರಿಹಾರವನ್ನು ಅವರಲ್ಲಿಯೇ ಬೇಡಬೇಕೆಂದೂ ಗುರುಗಳು ಸೂಚಿಸಿದರೆಂದು ನಂಬಲಾಗಿದೆ.

ಈ ಭಾಗವು ಪವಾಡಕಥೆಯಾಗಿ ಪ್ರಸಿದ್ಧವಾಗಿದೆಯಾದರೂ, ಅದರಲ್ಲಿ ಪವಾಡವು ನಡೆಯದೆ ಹೋದುದೇ ಗಮನಾರ್ಹ. ಸನ್ನಿಧಿಯಿಂದ ಸನ್ನಿಧಿಗೆ ಹೋದ ಭಕ್ತನನ್ನು ಯಾವ ದೇವರೂ ಅಲ್ಲಿಯೇ ಗುಣಪಡಿಸಲಿಲ್ಲ. ಎಲ್ಲ ದಾರಿಗಳೂ ಅವರು ತಪ್ಪಿಸಿಕೊಂಡು ಬಂದ ಒಂದೇ ಮನೆಯ ಕಡೆಗೆ ತಿರುಗಿದವು.

ಕ್ಷಮೆ ಮತ್ತು ಉತ್ತನೂರಿನ ರೊಟ್ಟಿ

ಶ್ರೀನಿವಾಸಾಚಾರ್ಯರು ವಿಜಯದಾಸರನ್ನು ಅರಸಿಕೊಂಡು ಹೋಗಿ ಪಾದಗಳಿಗೆ ಬಿದ್ದರು. ದಾಸರ ಮನಸ್ಸಿನಲ್ಲಿ ಕಹಿಯಿರಲಿಲ್ಲ. ಅವರು ಆಚಾರ್ಯರನ್ನು ಎತ್ತಿ ಸಮಾಧಾನಪಡಿಸಿದರು. ಆದರೆ ವ್ಯಾಧಿಯ ಪರಿಹಾರವು ತಮ್ಮ ಶಿಷ್ಯ ಗೋಪಾಲದಾಸರ ಕೈಯಲ್ಲಿದೆಯೆಂದು ತಿಳಿಸಿ, ಉತ್ತನೂರಿಗೆ ಹೋಗುವಂತೆ ಹೇಳಿದರು. ಉತ್ತನೂರು ಈಗಿನ ತೆಲಂಗಾಣದ ಗದ್ವಾಲ ಪ್ರದೇಶದಲ್ಲಿದೆ. ದೇಹದಲ್ಲಿ ತ್ರಾಣವಿಲ್ಲದವರಿಗೆ ಅದು ಸಾಮಾನ್ಯ ದೂರವಲ್ಲ.

ಹಿರಿಯರ ಕ್ಷಮೆಯನ್ನು ಬೇಡುವುದಕ್ಕಿಂತ ಈ ಎರಡನೆಯ ಪ್ರಯಾಣವು ವಿದ್ವಾಂಸರ ಅಭಿಮಾನಕ್ಕೆ ಹೆಚ್ಚು ಕಠಿಣವಾಗಿದ್ದಿರಬೇಕು. ವಿಜಯದಾಸರು ವಯೋವೃದ್ಧರು, ನಾಡಿನಲ್ಲಿ ಹೆಸರಾದವರು. ಗೋಪಾಲದಾಸರಾದರೋ ಆಚಾರ್ಯರಿಗಿಂತ ಕೆಲವೇ ವರ್ಷ ಹಿರಿಯರು. ರಾಯಚೂರು ಸೀಮೆಯ ಮೊಸರಕಲ್ಲು ಗ್ರಾಮದವರಾದ ಅವರ ಪೂರ್ವದ ಹೆಸರು ಭಾಗಣ್ಣ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ದಾಯಾದಿಗಳು ಆಸ್ತಿಯನ್ನು ಕಸಿದುಕೊಂಡ ಮೇಲೆ ತಾಯಿ ಹಾಗೂ ಸಹೋದರರೊಡನೆ ಊರು ಬಿಟ್ಟವರು. ರಕ್ತಸಂಬಂಧವೇ ಕೈಬಿಟ್ಟ ಕುಟುಂಬದಲ್ಲಿ ಬೆಳೆದ ಈ ಮಹನೀಯರು ಭಕ್ತಿಗೆ ಮತ್ತೊಂದು ಹೆಸರೆಂಬಂತೆ ದಾಸಪರಂಪರೆಯಲ್ಲಿ ಇಂದಿಗೂ ಸ್ಮರಣೀಯರಾಗಿದ್ದಾರೆ.

ಉತ್ತನೂರಿಗೆ ಬಂದ ರೋಗಿಯನ್ನು ಗೋಪಾಲದಾಸರು ಬರಮಾಡಿಕೊಂಡರು. ಧನ್ವಂತರಿಯನ್ನು ಪ್ರಾರ್ಥಿಸಿ, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಅವರಿಗೆ ಉಣಿಸಿದರು. ಬಹುಕಾಲ ಅನ್ನವನ್ನೇ ತಾಳಿಕೊಳ್ಳದಿದ್ದ ಒಡಲು ಆ ರೊಟ್ಟಿಯನ್ನು ತಾಳಿಕೊಂಡಿತು. ದಿನದಿಂದ ದಿನಕ್ಕೆ ಆಹಾರ ಹೆಚ್ಚಿ, ಆಚಾರ್ಯರು ಚೇತರಿಸಿಕೊಂಡರು. ರೋಗಪರಿಹಾರಕ್ಕಾಗಿ ಧನ್ವಂತರಿಯನ್ನು ಕುರಿತು ಗೋಪಾಲದಾಸರು ರಚಿಸಿದ ಪದವನ್ನು ಇಂದಿಗೂ ಅನೇಕ ಮನೆಗಳಲ್ಲಿ ರೋಗಿಗಳ ಸಲುವಾಗಿ ಹಾಡುವ ರೂಢಿಯಿದೆ.

ಈ ಪ್ರಸಂಗದಲ್ಲಿ ಪರಂಪರೆಯು ಮತ್ತೊಂದು ಸಂಗತಿಯನ್ನು ಸೇರಿಸುತ್ತದೆ. ಶ್ರೀನಿವಾಸಾಚಾರ್ಯರ ಆಯುಷ್ಯವು ಮುಗಿದುಹೋಗಿದ್ದುದರಿಂದ, ಗುರುಗಳಾದ ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದಿಂದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಹೇಳಲಾಗುತ್ತದೆ. ಇದು ನಂಬಿಕೆಗೆ ಸೇರಿದ ಮಾತು. ಕಾಲಗಣನೆಯನ್ನು ನೋಡಿದರೆ, ಗೋಪಾಲದಾಸರು 1760ರ ದಶಕದಲ್ಲಿ ಇನ್ನೂ ವೃದ್ಧರಾಗುವ ಮೊದಲೇ ಕಾಲವಾದರು. ಮರಣದ ಅಂಚಿನಲ್ಲಿದ್ದ ಆಚಾರ್ಯರು ಆ ಬಳಿಕವೂ ನಾಲ್ಕು ದಶಕಗಳಷ್ಟು ಬದುಕಿ ಎಂಬತ್ತನ್ನು ದಾಟಿದರು. ತಮ್ಮ ಉಸಿರು ಬೇರೊಬ್ಬರು ಕೊಟ್ಟ ಸಾಲವೆಂಬ ಭಾವನೆಯನ್ನು ಅವರು ಕೊನೆಯವರೆಗೂ ಹೊತ್ತಿದ್ದರೆಂದು ಪರಂಪರೆ ಸ್ಮರಿಸುತ್ತದೆ.

ಅಂಕಿತ ಪ್ರಾಪ್ತಿ

ಆರೋಗ್ಯ ಮರಳಿದ ನಂತರ ಶ್ರೀನಿವಾಸಾಚಾರ್ಯರು ಹಳೆಯ ಬಾಳಿಗೆ ಹಿಂದಿರುಗಲಿಲ್ಲ. ಗೋಪಾಲದಾಸರ ಸೂಚನೆಯಂತೆ ಪಂಢರಪುರಕ್ಕೆ ಯಾತ್ರೆ ಹೋದರು. ಅಲ್ಲಿ ಚಂದ್ರಭಾಗಾ ನದಿಯಲ್ಲಿ ಮುಳುಗಿ ಏಳುವಾಗ ‘ಜಗನ್ನಾಥ ವಿಠಲ’ ಎಂಬ ಅಂಕಿತವಿದ್ದ ಶಿಲೆಯು ಅವರಿಗೆ ದೊರೆಯಿತೆಂದು ಪ್ರತೀತಿ. ಅಂದಿನಿಂದ ಅವರು ಜಗನ್ನಾಥದಾಸರಾದರು. ದಾಸದೀಕ್ಷೆಯೆಂದರೆ ಹೆಸರು ಬದಲಾಗುವುದಷ್ಟೇ ಅಲ್ಲ. ಗೆಜ್ಜೆ ಕಟ್ಟಿ, ತಂಬೂರಿ ಮೀಟುತ್ತಾ, ಕನ್ನಡದಲ್ಲಿ ಹರಿನಾಮವನ್ನು ಹಾಡುತ್ತಾ ಬೀದಿಯಲ್ಲಿ ನಡೆಯುವುದು ಅದರ ಆಚಾರ. ಶಾಸ್ತ್ರಪಾಠ ಹೇಳುತ್ತಿದ್ದ ಮಾನ್ವಿಯಲ್ಲಿಯೇ ಅವರು ಹೀಗೆ ನೆಲೆನಿಂತರು.

1755ರ ಕಾರ್ತಿಕ ಮಾಸದಲ್ಲಿ ವಿಜಯದಾಸರು ಈಗಿನ ಆಂಧ್ರಪ್ರದೇಶದ ಚಿಪ್ಪಗಿರಿಯಲ್ಲಿ ದೇಹತ್ಯಾಗ ಮಾಡಿದಾಗ ಜಗನ್ನಾಥದಾಸರಿಗೆ 27 ವರ್ಷ. ತಾವು ಒಮ್ಮೆ ಅಲಕ್ಷ್ಯದಿಂದ ಕಳೆದುಕೊಂಡಿದ್ದ ಹಿರಿಯರನ್ನು, ಪಡೆದುಕೊಂಡ ಸ್ವಲ್ಪ ಕಾಲದಲ್ಲಿಯೇ ಎರಡನೆಯ ಬಾರಿ ಕಳೆದುಕೊಂಡರು. ಮುಂದಿನ ದಶಕದಲ್ಲಿ ಗೋಪಾಲದಾಸರೂ ಇಲ್ಲವಾದರು. ದೀರ್ಘವಾದ ಉಳಿದ ಬಾಳನ್ನು ಜಗನ್ನಾಥದಾಸರು ಈ ಇಬ್ಬರ ಸ್ಮರಣೆಯಲ್ಲಿ ಕಳೆದರು.

ಹರಿಕಥಾಮೃತಸಾರ

ಜಗನ್ನಾಥದಾಸರು ಅನೇಕ ಪದಗಳನ್ನೂ, ಸುಳಾದಿಗಳನ್ನೂ ರಚಿಸಿದ್ದಾರೆ. ತ್ರಿಪದಿಯಲ್ಲಿರುವ ‘ತತ್ತ್ವಸುವ್ವಾಲಿ’ಯು ಹೆಂಗಸರು ಕೆಲಸದ ನಡುವೆ ಹಾಡಿಕೊಳ್ಳುವ ಧಾಟಿಗೆ ತತ್ತ್ವವನ್ನು ಇಳಿಸಿದ ಕೃತಿ. ಅವರ ಮೇರುಕೃತಿಯಾದ ‘ಹರಿಕಥಾಮೃತಸಾರ’ದಲ್ಲಿ 32 ಸಂಧಿಗಳೂ, ಸಾವಿರಕ್ಕೆ ಸಮೀಪವಾದ ಪದ್ಯಗಳೂ ಇವೆ. ಭಗವಂತನ ಸರ್ವವ್ಯಾಪ್ತಿ, ಜೀವಿಯೊಳಗೆ ನಿಂತು ಕೆಲಸ ಮಾಡಿಸುವ ಬಿಂಬರೂಪ, ದೇವತಾ ತಾರತಮ್ಯ, ಉಸಿರಾಟ, ನಾಡಿಗಳು, ನಾಮಸ್ಮರಣೆ ಹೀಗೆ ವಿಷಯದ ಹರವು ಬಹು ದೊಡ್ಡದು. ತಾರತಮ್ಯವನ್ನು ನಿರೂಪಿಸುವ ಸಂಧಿಗಳು ಸಾಮಾನ್ಯ ಓದುಗರಿಗೆ ಕಠಿಣವೆನಿಸುವುದುಂಟು. ಅವುಗಳನ್ನು ವ್ಯಾಖ್ಯಾನದ ನೆರವಿನಿಂದಲೇ ಓದುವುದು ಉಚಿತ.

ಮಂಗಳಾಚರಣದ ನಂತರ ಬರುವ ಎರಡನೆಯ ಸಂಧಿಯೇ ಕರುಣಾ ಸಂಧಿ. ಶಾಸ್ತ್ರಗ್ರಂಥವೊಂದು ಪ್ರಮಾಣ, ಪ್ರಮೇಯಗಳ ವಿಚಾರದಿಂದ ತೊಡಗುವುದು ವಾಡಿಕೆ. ದಾಸರು ಭಗವಂತನ ಕರುಣೆಯಿಂದ ತೊಡಗುತ್ತಾರೆ. ಭಕ್ತನು ದೇವರ ಕಡೆಗೆ ಇಡುವ ಪ್ರತಿ ಹೆಜ್ಜೆಗೂ ದೇವರು ಅದಕ್ಕಿಂತ ಮುಂದೆ ಬಂದು ನಿಲ್ಲುವನೆಂಬುದು ಅಲ್ಲಿಯ ಭಾವ. ತಪ್ಪು ಮಾಡಿ ಹಿಂದಿರುಗಿದವರ ಅನುಭವವು ಆ ಸಂಧಿಯಲ್ಲಿ ಮಾತಾಗಿದೆಯೆಂದು ದಾಸರ ಚರಿತ್ರೆಯನ್ನು ಬಲ್ಲವರಿಗೆ ಅನ್ನಿಸದಿರದು.

ನಾಲ್ಕನೆಯದು ಭೋಜನ ರಸವಿಭಾಗ ಸಂಧಿ. ಊಟವನ್ನು ಅದು ಪೂಜೆಯಾಗಿ ಕಾಣಿಸುತ್ತದೆ. ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಒಂದೊಂದು ಭಗವದ್ರೂಪವಿದೆ. ಉಣ್ಣುವವನ ಒಳಗಿರುವವನೂ, ಉಣಿಸುವವನ ಒಳಗಿರುವವನೂ, ಅನ್ನದ ರಸದಲ್ಲಿರುವವನೂ ಒಬ್ಬನೇ ಆಗಿದ್ದಾನೆ ಎಂಬ ಚಿಂತನೆಯಿಂದ ಉಣ್ಣಬೇಕೆಂದು ಅದು ವಿವರಿಸುತ್ತದೆ. ಇದು ದ್ವೈತ ಶಾಸ್ತ್ರಕ್ಕೆ ಸಮ್ಮತವಾದ ವಿಚಾರವೇ ಹೌದು, ದಾಸರು ಹೊಸದಾಗಿ ಕಲ್ಪಿಸಿದುದಲ್ಲ. ಆದರೂ ದಾಸರ ಭೋಜನದ ಕರೆಯನ್ನು ಸುಳ್ಳು ಹೇಳಿ ತಪ್ಪಿಸಿಕೊಂಡು, ಅನ್ನವನ್ನೇ ಕಳೆದುಕೊಂಡು, ಒಂದು ಜೋಳದ ರೊಟ್ಟಿಯಿಂದ ಜೀವ ಉಳಿಸಿಕೊಂಡವರು ಗ್ರಂಥದ ಆರಂಭದಲ್ಲಿಯೇ ಅನ್ನಕ್ಕೆ ಇಷ್ಟು ದೊಡ್ಡ ಸ್ಥಾನ ನೀಡಿರುವುದು ಆಕಸ್ಮಿಕವೆನ್ನಲಾಗದು.

ಗೋಪಾಲದಾಸರನ್ನು ಗಣಪತಿಯ ಅಂಶಸಂಭೂತರೆಂದು ದಾಸಪರಂಪರೆಯು ನಂಬುತ್ತದೆ. ಆದುದರಿಂದ ಕೃತಿಯಲ್ಲಿರುವ ವಿಘ್ನೇಶ್ವರ ಸಂಧಿಯನ್ನು ಓದುವಾಗ ಆಸ್ತಿಕರು ಗುರುವನ್ನೂ ನೆನೆಯುತ್ತಾರೆ.

ಈ ಕನ್ನಡ ಕೃತಿಗೆ ಮುಂದೆ ಕನ್ನಡದಲ್ಲಿ ಮಾತ್ರವಲ್ಲದೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನಗಳು ರಚಿತವಾದವು. ಮೂಲವು ಸಂಸ್ಕೃತದಲ್ಲಿದ್ದು ಟೀಕೆಯು ದೇಶಭಾಷೆಯಲ್ಲಿರುವುದು ಲೋಕರೂಢಿ. ಇಲ್ಲಿ ಕ್ರಮವು ತಲೆಕೆಳಗಾಯಿತು. ಕನ್ನಡದಲ್ಲಿ ಹಾಡುವವರನ್ನು ಕಡೆಗಣಿಸಿದ್ದ ಪಂಡಿತರ ಕೈಯಿಂದಲೇ, ಪಂಡಿತರು ಸಂಸ್ಕೃತದಲ್ಲಿ ವಿವರಿಸಬೇಕಾದ ಕನ್ನಡ ಗ್ರಂಥವು ಹೊರಬಂದಿತು. ಸಂಸ್ಕೃತ ಶಿಕ್ಷಣದ ಅವಕಾಶವಿಲ್ಲದಿದ್ದ ಸ್ತ್ರೀಯರು ಮನೆಮನೆಗಳಲ್ಲಿ ಅದನ್ನು ಕಂಠಪಾಠ ಮಾಡಿ ಪಾರಾಯಣ ಮಾಡಿದರು.

ಶಿಷ್ಯಪರಂಪರೆ

ಲಿಂಗಸುಗೂರಿನ ಪ್ರಾಣೇಶದಾಸರು ಮತ್ತು ಕರ್ಜಗಿಯ ದಾಸಪ್ಪನವರು ಜಗನ್ನಾಥದಾಸರ ಶಿಷ್ಯರಲ್ಲಿ ಪ್ರಮುಖರು. ದಾಸಪ್ಪನವರ ಅಂಕಿತ ‘ಶ್ರೀದ ವಿಠಲ’. ಹರಿಕಥಾಮೃತಸಾರದ ಕೊನೆಗೆ ಸೇರಿರುವ ಫಲಶ್ರುತಿಯು ಅವರ ರಚನೆಯಾಗಿದೆ. ಗುರುವಿನ ಗ್ರಂಥವನ್ನು ಶಿಷ್ಯನ ಪದ್ಯಗಳೊಡನೆಯೇ ಓದಿ ಮುಗಿಸುವ ಪದ್ಧತಿ ಹೀಗೆ ಬೆಳೆದುಬಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ಈ ಸೀಮೆಯ ದಾಸರ ಕೃತಿಗಳನ್ನು ಸಂಗ್ರಹಿಸಿ, ಪ್ರಕಟಿಸಿ ಉಳಿಸಿದರು.

ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು, 1809ರಲ್ಲಿ, ಜಗನ್ನಾಥದಾಸರು ಮಾನ್ವಿಯಲ್ಲಿ ಹರಿಪದವನ್ನು ಸೇರಿದರು. ಅವರಿಗೆ ಆಗ 81 ವರ್ಷ.

ಸ್ಮಾರಕ ಸ್ಥಳ

ಮಾನ್ವಿ ಪಟ್ಟಣವು ರಾಯಚೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯಲ್ಲಿದೆ. ಹತ್ತಿರದ ದೊಡ್ಡ ರೈಲು ನಿಲ್ದಾಣ ರಾಯಚೂರು. ದಾಸರು ವಾಸವಾಗಿದ್ದ ಸ್ಥಳದಲ್ಲಿ ಅವರ ಸನ್ನಿಧಾನವಿದೆಯೆಂದು ನಂಬಲಾದ ಕಂಬಕ್ಕೆ ಪೂಜೆ ಸಲ್ಲುತ್ತದೆ. ಪ್ರತಿ ವರ್ಷ ಭಾದ್ರಪದ ಶುದ್ಧ ನವಮಿಯ ಸಮಯದಲ್ಲಿ ನಡೆಯುವ ಆರಾಧನೆಗೆ ಕರ್ನಾಟಕ, ಆಂಧ್ರಪ್ರದೇಶ ಹಾಗೂ ತೆಲಂಗಾಣಗಳಿಂದ ಭಕ್ತರು ಆಗಮಿಸುತ್ತಾರೆ. ಹರಿಕಥಾಮೃತಸಾರದ ಪಾರಾಯಣವಾದ ಬಳಿಕ ಬಂದವರೆಲ್ಲರಿಗೂ ಪಂಕ್ತಿಯಲ್ಲಿ ಊಟ ಬಡಿಸಲಾಗುತ್ತದೆ.